ಮೇಜಿನ ಅಂಚು ಸವರುವ ಮೊದಲು ಬೇರಿಂಗ್ ಎಲ್ಲಿ ಓಡುತ್ತದೆ ನೋಡಿ

ಅಕ್ಕನ ಮಗಳಿಗೆ ಓದುವ ಮೇಜು ಬೇಕಿತ್ತು. 5 ಅಡಿ ಉದ್ದ, 2 ಅಡಿ ಅಗಲದ ಹಲಗೆ, ಕೆಳಗೆ ಕಬ್ಬಿಣದ ಕಾಲು. ಕಾಲುಗಳನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸಿದೆ. ಹಲಗೆ ನಾನೇ ಮಾಡಿದ್ದು. 19 ಮಿ.ಮೀ. ಪ್ಲೈವುಡ್, ಸುತ್ತ ನಾಲ್ಕೂ ಕಡೆ ತೇಗದ ಪಟ್ಟಿ, ಮೇಲೆ 1 ಮಿ.ಮೀ. ಮೈಕಾ, ಮುಂದಿನ ಎರಡು ಮೂಲೆ ದುಂಡಗೆ. ಇಂಥ ಹಲಗೆಯಲ್ಲಿ ಜಾಸ್ತಿ ಕೆಲಸ ಇರುವುದು ಅಂಚಿನಲ್ಲೇ. ಕೈ ಮೊದಲು ಮುಟ್ಟುವುದೂ ಅದನ್ನೇ. ಹಾಗಾಗಿ ಇಲ್ಲಿ ಅಂಚಿನ ಕೆಲಸ, ಅದಕ್ಕೆ ಆರಿಸಿದ ಬಿಟ್‌ಗಳು (ರೂಟರ್ ಅನ್ನುವ ಕರೆಂಟ್ ಮೆಷಿನ್ನಿಗೆ ಸಿಕ್ಕಿಸಿದಾಗ ಗಿರಗಿರ ತಿರುಗಿ ಮರ ಕತ್ತರಿಸುವ ಅಲಗುಗಳು), ಅವನ್ನು ಬಳಸಿದ ರೀತಿ ಇಷ್ಟನ್ನೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಅಡುಗೆಮನೆ ಕಟ್ಟೆ ಅಂದರೆ ಗ್ರಾನೈಟ್. ಅದರ ಅಂಚು ಕಲ್ಲಿನ ಕೆಲಸದವರ ಪಾಲಿನದು. ಮರದ ಅಂಚು ಸಿಗುವುದು ಓದುವ ಮೇಜು, ಕಂಪ್ಯೂಟರ್ ಮೇಜು, ಅಂಗಡಿ ಕೌಂಟರ್, ಕೆಲಸದ ಬೆಂಚು ಇಂಥವುಗಳಲ್ಲಿ. ಮುಂದೆ ಹೇಳುವುದು ಇವೆಲ್ಲಕ್ಕೂ ಹೊಂದುತ್ತದೆ.

ಅಂಗಡಿಯಲ್ಲಿ ಬಿಟ್ ಕೊಳ್ಳುವಾಗ ಎಲ್ಲರ ಕಣ್ಣು ಮೊದಲು ಹೋಗುವುದು ಅಲಗಿನ ಆಕಾರದ ಮೇಲೆ. ನಾನು ಮೊದಲು ನೋಡುವುದು ಬೇರಿಂಗನ್ನು, ಅಂದರೆ ಅಲಗಿನ ತುದಿಗೋ ಬುಡಕ್ಕೋ ಇರುವ, ಬಿಡಿಯಾಗಿ ತಿರುಗುವ ಸಣ್ಣ ಚಕ್ರವನ್ನು. ಅಂಚು ಸವರುವ ಬಿಟ್ ತಾನಾಗಿ ಯಾವುದನ್ನೂ ನೇರ ಮಾಡುವುದಿಲ್ಲ. ಬೇರಿಂಗ್ ಯಾವುದರ ಮೇಲೆ ಉರುಳುತ್ತದೋ ಅದನ್ನೇ ಪಕ್ಕದ ಮರಕ್ಕೆ ನಕಲು ಮಾಡುತ್ತದೆ. ಬೇರಿಂಗ್ ಓಡುವ ದಾರಿಯಲ್ಲಿ ಅರ್ಧ ಮಿ.ಮೀ. ತಗ್ಗು ಇದ್ದರೆ ಕತ್ತರಿಸಿದ ಅಂಚಿನಲ್ಲೂ ಅಷ್ಟೇ ತಗ್ಗು. ಅಂಟಿನ ಒಂದು ಹನಿ ಒಣಗಿ ನಿಂತಿದ್ದರೆ ಅಲ್ಲಿ ಉಬ್ಬು. ಅದಕ್ಕೇ ಪ್ರತಿ ಹಂತದಲ್ಲೂ ಕೇಳಿಕೊಳ್ಳಬೇಕಾದದ್ದು ಒಂದೇ: ಈಗ ಸರಿಯಾಗಿರುವ ಮೈ ಯಾವುದು, ಬೇರಿಂಗ್ ಅದರ ಮೇಲೆ ಓಡುತ್ತದಾ? ಇದಕ್ಕೆ ಉತ್ತರ ಸಿಕ್ಕರೆ ಬಿಟ್ ಆಯ್ಕೆ ಬಹುಪಾಲು ಮುಗಿದಂತೆ.

ನನ್ನ ಹತ್ತಿರ ಇರುವುದು ಟ್ರಿಮ್ಮರ್, ಅಂದರೆ ಒಂದೇ ಕೈಯಲ್ಲಿ ಹಿಡಿಯಬಹುದಾದ ಸಣ್ಣ ರೂಟರ್. ನಿಮಿಷಕ್ಕೆ 30,000 ಸುತ್ತು, ವೇಗ ಹೆಚ್ಚು ಕಮ್ಮಿ ಮಾಡುವ ಸೌಲಭ್ಯ ಇಲ್ಲ. ಬೆಂಗಳೂರಿನ ಎಸ್.ಜೆ.ಪಿ. ರಸ್ತೆಗೆ ಬಿಟ್ ತರಲು ಹೋದಾಗ ಅದರ ಕೊಲೆಟ್ಟನ್ನು, ಅಂದರೆ ಬಿಟ್ಟನ್ನು ಬಿಗಿಯಾಗಿ ಹಿಡಿಯುವ ಕೊಳವೆಯನ್ನು, ಬಿಚ್ಚಿ ಜೇಬಿನಲ್ಲಿ ಹಾಕಿಕೊಂಡು ಹೋಗಿದ್ದೆ. ಅಂಗಡಿಯವರು ಕೇಳಿದ ಮೊದಲ ಮಾತೇ ಅದು.

"ಟ್ರಿಮ್ಮರ್‌ಗಾ ಸರ್, ರೂಟರ್‌ಗಾ?"

"ಟ್ರಿಮ್ಮರ್‌ಗೆ."

"ಆರು ಎಂಎಮ್ಮಾ, ಕಾಲಿಂಚಾ? ನೋಡ್ಕೊಂಡು ಹೇಳಿ ಸರ್. ಎರಡೂ ಒಂದೇ ಅಂತ ತಗೊಂಡು ಹೋಗಿ ಆಮೇಲೆ ವಾಪಸ್ ಬರ್ತಾರೆ."

ಕಾಲಿಂಚು ಅಂದರೆ 6.35 ಮಿ.ಮೀ. ಆರಕ್ಕೂ ಅದಕ್ಕೂ ವ್ಯತ್ಯಾಸ 0.35 ಮಿ.ಮೀ. ಅಷ್ಟೇ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದರೆ ಕಾಲಿಂಚಿನ ಕೊಲೆಟ್‌ನಲ್ಲಿ 6 ಮಿ.ಮೀ. ಕಡ್ಡಿಯನ್ನು, ಅಂದರೆ ಬಿಟ್ಟಿನ ಹಿಡಿಯನ್ನು, ಎಷ್ಟು ಬಿಗಿದರೂ ಪೂರ್ತಿ ಹಿಡಿತ ಸಿಗುವುದಿಲ್ಲ. ಓಡುತ್ತಿರುವಾಗ ಬಿಟ್ ಸ್ವಲ್ಪ ಸ್ವಲ್ಪವೇ ಕೆಳಗೆ ಜಾರುತ್ತದೆ, ಕೊನೆಗೆ ಹಾರಿಯೇ ಹೋಗಬಹುದು. ನಮ್ಮ ಮಾರುಕಟ್ಟೆಯಲ್ಲಿ ಎರಡು ಅಳತೆಯ ಬಿಟ್‌ಗಳೂ ಅಕ್ಕಪಕ್ಕದಲ್ಲೇ ಇರುತ್ತವೆ. ಕೊಲೆಟ್‌ಗೆ ತೂರಿಸಿ ನೋಡಿಯೇ ತನ್ನಿ.

ದೊಡ್ಡ ರೂಟರ್ ಇರುವವರಿಗೆ ನನ್ನ ಸಲಹೆ ಅರ್ಧ ಇಂಚಿನ ಕಡ್ಡಿಯ ಬಿಟ್. ಅಷ್ಟೇ ಉದ್ದ ಹೊರಚಾಚಿದ್ದಾಗ ಅರ್ಧ ಇಂಚಿನ ಕಡ್ಡಿ ಕಾಲಿಂಚಿನದಕ್ಕಿಂತ 16 ಪಟ್ಟು ಗಟ್ಟಿ. ದಪ್ಪ ಎರಡು ಪಟ್ಟಾದರೆ ಬಾಗದೆ ನಿಲ್ಲುವ ಶಕ್ತಿ ಎರಡರ ನಾಲ್ಕನೇ ಘಾತದಷ್ಟು ಏರುತ್ತದೆ. ದಪ್ಪ ಹಲಗೆಯನ್ನು ಒಂದೇ ಸಲಕ್ಕೆ ಸವರುವಾಗ ಅಂಚಿನಲ್ಲಿ ಮೂಡುವ ಸಣ್ಣ ಅಲೆಗಳು ಬಹಳ ಸಲ ಕಡ್ಡಿ ನಡುಗಿದ ಗುರುತು. ಟ್ರಿಮ್ಮರ್‌ನಲ್ಲಿ ಆ ಬಲ ಸಿಗುವುದಿಲ್ಲ. ಹಾಗಾಗಿ ಬಿಟ್ ಎಷ್ಟು ಬೇಕೋ ಅಷ್ಟೇ ಉದ್ದ ಇರಬೇಕು, ತೆಗೆಯುವ ಮರವೂ ಕಮ್ಮಿ ಇರಬೇಕು.

12 ಅಥವಾ 15 ಬಿಟ್‌ಗಳ ಪೆಟ್ಟಿಗೆ ಅಗ್ಗಕ್ಕೆ ಸಿಗುತ್ತದೆ. ಅದರಲ್ಲಿ ಅರ್ಧಕ್ಕರ್ಧ ನಮಗೆ ಬೇಕೇ ಆಗುವುದಿಲ್ಲ, ಬೇಕಾದ ಎರಡರ ಅಲಗು ಬೇಗ ಮೊಂಡಾಗುತ್ತದೆ. ಅದೇ ದುಡ್ಡಿಗೆ ನಾಲ್ಕು ಒಳ್ಳೆ ಬಿಟ್ ತಂದೆ. ತಳ ಚಪ್ಪಟೆ ಇರುವ 12 ಮಿ.ಮೀ. ನೇರ ಬಿಟ್ ಒಂದು. ಮೇಲೂ ಕೆಳಗೂ ಬೇರಿಂಗ್ ಇರುವ, 25 ಮಿ.ಮೀ. ಅಲಗಿನ ಅರ್ಧ ಇಂಚು ವ್ಯಾಸದ ಬಿಟ್ ಒಂದು. ತುದಿಯಲ್ಲಿ ಬೇರಿಂಗ್ ಇರುವ ಗಿಡ್ಡ ಟ್ರಿಮ್ ಬಿಟ್ ಒಂದು. ಕೊನೆಗೆ ಅಂಚಿನ ಚೂಪನ್ನು ಓರೆಯಾಗಿ ಕತ್ತರಿಸುವ 45 ಡಿಗ್ರಿ ಚಾಂಫರ್ ಬಿಟ್. ಎಲ್ಲವೂ ಕಾರ್ಬೈಡ್ ಅಲಗಿನವು. ಪ್ಲೈವುಡ್ಡಿನ ಅಂಟಿನ ಪದರ, ಮೈಕಾದ ಗಟ್ಟಿ ರಾಳ, ತೇಗದೊಳಗಿನ ಸಿಲಿಕಾ ಮೂರೂ ಸೇರಿದರೆ ಬರೀ ಹೈಸ್ಪೀಡ್ ಸ್ಟೀಲ್ ಅಲಗು ಹೆಚ್ಚು ಹೊತ್ತು ತಡೆಯುವುದಿಲ್ಲ.

ಕೈಗೆ ತೆಗೆದುಕೊಂಡ ಬಿಟ್ಟನ್ನು ಬೆಳಕಿಗೆ ಹಿಡಿದು ನೋಡಿ. ಕಾರ್ಬೈಡ್ ತುಂಡನ್ನು ಉಕ್ಕಿಗೆ ಬೆಸೆದ ಗೆರೆಯಲ್ಲಿ ಸಂದು ಇರಬಾರದು. ಅಲಗಿನ ಅಂಚಿನ ಮೇಲೆ ಉಗುರನ್ನು ಮೆಲ್ಲಗೆ ಎಳೆದರೆ ಸಣ್ಣ ಮುಕ್ಕಿದ್ದರೂ ತಿಳಿಯುತ್ತದೆ. ಬೇರಿಂಗ್ ಸಲೀಸಾಗಿ ತಿರುಗಬೇಕು, ಆದರೆ ಅಲ್ಲಾಡಬಾರದು. ನಾನು ಕ್ಯಾಲಿಪರ್ ಕೂಡ ಇಟ್ಟು ನೋಡುತ್ತೇನೆ. ಬೇರಿಂಗ್ 12.7 ಇದ್ದರೆ ಅಲಗಿನ ವ್ಯಾಸವೂ 12.7 ಬರಬೇಕು. ಅಲಗು ಚಿಕ್ಕದಿದ್ದರೆ ಅಂಚು ಅಷ್ಟರ ಮಟ್ಟಿಗೆ ಹೊರಗೆ ಉಳಿಯುತ್ತದೆ. ಸಾಣೆ ಹಿಡಿಸಿದ ಹಳೇ ಬಿಟ್‌ಗಳಲ್ಲಿ ಹೀಗೆ ಆಗುತ್ತದೆ.

ಇನ್ನು ಹಲಗೆಗೆ ಬರುತ್ತೇನೆ. ಪ್ಲೈವುಡ್ಡನ್ನು 1484 × 570 ಮಿ.ಮೀ. ಕತ್ತರಿಸಿದೆ. ಸುತ್ತ 20 ಮಿ.ಮೀ. ದಪ್ಪದ ತೇಗದ ಪಟ್ಟಿ ಬಂದಾಗ ಸರಿಯಾಗಿ 5 ಅಡಿಗೆ 2 ಅಡಿ ಆಗುತ್ತದೆ. ಪಟ್ಟಿಯ ಎತ್ತರ 22 ಮಿ.ಮೀ., ಅಂದರೆ ಪ್ಲೈವುಡ್ಡಿಗಿಂತ ಮೇಲೂ ಕೆಳಗೂ ಒಂದೂವರೆ ಮಿ.ಮೀ. ಜಾಸ್ತಿ. ಮೂಲೆಗಳಲ್ಲಿ 45 ಡಿಗ್ರಿ ಮೈಟರ್, ಅಂದರೆ ಎರಡೂ ಪಟ್ಟಿಯ ತುದಿ ಓರೆ ಕತ್ತರಿಸಿ ಕೂಡಿಸಿದ ಸೇರುವೆ. ತೇಗದಲ್ಲಿ ಎಣ್ಣೆ ಅಂಶ ಇರುವುದರಿಂದ ಅಂಟು ಹಚ್ಚುವ ಮೊದಲು ಥಿನ್ನರ್ ಬಟ್ಟೆಯಲ್ಲಿ ಒರೆಸಿದೆ. ನೀರು ತಡೆಯುವ ಮರದಂಟು ಹಾಕಿ ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಟ್ಟೆ.

ಹೊರಗೆ ಉಳಿದ ಆ ಒಂದೂವರೆ ಮಿ.ಮೀ. ತೆಗೆಯುವುದು ಮೊದಲ ಅಂಚಿನ ಕೆಲಸ. ಹತ್ತರಿಯಲ್ಲಿ ತೆಗೆಯಬಹುದು, ಆದರೆ ಪ್ಲೈವುಡ್ಡಿನ ಮೇಲ್ಪದರ ತೀರಾ ತೆಳು. ಹತ್ತರಿಯ ಅಲಗು ಒಂದು ಕಡೆ ವಾಲಿದರೂ ಪದರ ಹರಿದು ಹೋಗುತ್ತದೆ. ಇಲ್ಲಿ ಸರಿಯಾಗಿರುವ ಮೈ ಪ್ಲೈವುಡ್ಡಿನ ಮುಖ. ಬೇರಿಂಗ್ ಬಿಟ್ ಹಾಕಿ ಟ್ರಿಮ್ಮರನ್ನು ಅಡ್ಡ ಹಿಡಿದರೆ 20 ಮಿ.ಮೀ. ಚಿಲ್ಲರೆ ಅಂಚಿನ ಮೇಲೆ ಅದು ನಿಲ್ಲುವುದೇ ಇಲ್ಲ, ವಾಲುತ್ತದೆ. ಹಾಗಾಗಿ ಇಲ್ಲಿ ಬೇರಿಂಗ್ ಬೇಡ. ಟ್ರಿಮ್ಮರ್‌ನ ತಳವನ್ನೇ ಪ್ಲೈವುಡ್ ಮುಖದ ಮೇಲೆ ಓಡಿಸಬೇಕು.

ಅದಕ್ಕೆ ಒಂದು ಸಣ್ಣ ಜಿಗ್ ಮಾಡಿಕೊಂಡೆ. 9 ಮಿ.ಮೀ. ಪ್ಲೈವುಡ್ ತುಂಡನ್ನು ಟ್ರಿಮ್ಮರ್ ತಳದ ಅರ್ಧ ಭಾಗಕ್ಕೆ ಮಾತ್ರ ಸ್ಕ್ರೂ ಹಾಕಿ ಕೂರಿಸಿದೆ. ಆ ಅರ್ಧ ಹಲಗೆ ಮೇಲೆ ಕೂರುತ್ತದೆ. ಉಳಿದರ್ಧ, ಬಿಟ್ ಇರುವ ಕಡೆ, 9 ಮಿ.ಮೀ. ಎತ್ತರದಲ್ಲಿ ಪಟ್ಟಿಯ ಮೇಲೆ ತೇಲುತ್ತದೆ. ಬಿಟ್ ತಳ ಚಪ್ಪಟೆ ಇರುವ ನೇರ ಬಿಟ್. ಆಳ ಹೊಂದಿಸುವ ರೀತಿ ಹೀಗೆ. ಪ್ಲಗ್ ಕಿತ್ತಿಡಿ. ಜಿಗ್ಗನ್ನು ಹಲಗೆಯ ಒಳಭಾಗಕ್ಕೆ ತಂದು, ಬಿಟ್ ಕೆಳಗೆ ಒಂದು ಸಾದಾ ಝೆರಾಕ್ಸ್ ಹಾಳೆ ಇಡಿ. ಬಿಟ್ಟನ್ನು ಇಳಿಸುತ್ತಾ ಹೋಗಿ. ಹಾಳೆ ಎಳೆದಾಗ ಸ್ವಲ್ಪ ತಡೆದು ಬರಬೇಕು, ಹರಿಯಬಾರದು. ಅಲ್ಲಿಗೆ ಬಿಗಿಯಿರಿ. ಈಗ ಬಿಟ್ ಪ್ಲೈವುಡ್ಡಿನಿಂದ ಸುಮಾರು 0.1 ಮಿ.ಮೀ. ಮೇಲೆ ಇದೆ. ಪಟ್ಟಿಯೂ ಅಷ್ಟೇ ಮೇಲೆ ಉಳಿಯುತ್ತದೆ. ಅದನ್ನು ಮರದ ತುಂಡಿಗೆ 120ರ ಸ್ಯಾಂಡ್ ಪೇಪರ್ ಸುತ್ತಿ ಉಜ್ಜಿದರೆ ಬೆರಳಿಗೆ ಸೇರುವೆ ಎಲ್ಲಿದೆ ಅಂತ ಗೊತ್ತಾಗದಷ್ಟು ಸಮ ಆಗುತ್ತದೆ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ದಾರಿ ನನಗೆ ಇನ್ನೂ ಸಿಕ್ಕಿಲ್ಲ.

ಮುಂದಿನದು ದುಂಡು ಮೂಲೆ. ನನಗೆ ಬೇಕಿದ್ದದ್ದು 40 ಮಿ.ಮೀ. ತ್ರಿಜ್ಯ. ಪಟ್ಟಿಯ ದಪ್ಪ ಬರೀ 20, ಮೂಲೆ ದುಂಡು ಮಾಡಿದರೆ ಪ್ಲೈವುಡ್ ಹೊರಗೆ ಬಂದುಬಿಡುತ್ತದಾ? ಲೆಕ್ಕ ಹಾಕಿ ನೋಡಬಹುದು. 40 ತ್ರಿಜ್ಯದ ದುಂಡು ಮೂಲೆಯ ತುದಿಯಿಂದ ಕರ್ಣದ ಮೇಲೆ 16.6 ಮಿ.ಮೀ. ತಿನ್ನುತ್ತದೆ. ಪ್ಲೈವುಡ್ಡಿನ ಮೂಲೆ ಇರುವುದು ಅದೇ ಕರ್ಣದ ಮೇಲೆ 28.3 ಮಿ.ಮೀ. ಒಳಗೆ. ಅಂದರೆ ಇನ್ನೂ 11 ಮಿ.ಮೀ.ಗಿಂತ ಜಾಸ್ತಿ ತೇಗ ಉಳಿಯುತ್ತದೆ. ನೆಮ್ಮದಿಯಾಗಿ ಮಾಡಬಹುದು.

12 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಅಚ್ಚು ಮಾಡಿದೆ. ಕೈವಾರದಲ್ಲಿ ಗೆರೆ, ಜಿಗ್‌ಸಾದಲ್ಲಿ ಕತ್ತರಿಕೆ, ಆಮೇಲೆ ಸ್ಯಾಂಡ್ ಪೇಪರ್. ಈ ಅಚ್ಚಿಗೆ ಕೊಟ್ಟ ಸಮಯ ದಂಡ ಅಲ್ಲ. ಕಣ್ಣು ಮುಚ್ಚಿ ಬೆರಳು ಆಡಿಸಿದಾಗ ಎಲ್ಲೂ ಏರು ತಗ್ಗು ಸಿಗಬಾರದು, ಯಾಕೆಂದರೆ ಬೇರಿಂಗ್ ಇದರ ಮೇಲೆ ಓಡುತ್ತದೆ. ದುಂಡಿನ ಎರಡೂ ಕಡೆ ನೇರ ಭಾಗ ಒಂದು ಗೇಣಿನಷ್ಟು ಉದ್ದ ಬಿಟ್ಟಿದ್ದೆ. ಬಿಟ್ ಮರಕ್ಕೆ ತಾಗುವ ಮೊದಲು ಬೇರಿಂಗ್ ಆ ನೇರ ಭಾಗಕ್ಕೆ ಒರಗಿ ನಿಲ್ಲಬೇಕು. ಅಚ್ಚನ್ನು ಎರಡು ಬದಿ ಅಂಟಿನ ಟೇಪಿನಿಂದ ಕೂರಿಸಿ, ಮೇಲೊಂದು ಕ್ಲ್ಯಾಂಪ್ ಹಾಕಿದೆ. ಹಲಗೆಯ ಮೂಲೆಯನ್ನು ಜಿಗ್‌ಸಾದಲ್ಲಿ ಗೆರೆಯಿಂದ 2 ಮಿ.ಮೀ. ಹೊರಗೆ ಕತ್ತರಿಸಿಕೊಂಡೆ. ಆ 2 ಮಿ.ಮೀ. ಮಾತ್ರ ಬಿಟ್‌ಗೆ ಬಿಟ್ಟಿದ್ದು.

ಎರಡು ಬೇರಿಂಗ್ ಇರುವ ಬಿಟ್ ಯಾಕೆ ಬೇಕು ಅನ್ನುವುದು ಈ ಮೂಲೆಯಲ್ಲಿ ಗೊತ್ತಾಗುತ್ತದೆ. ಮೇಲಿನಿಂದ ನೋಡಿದರೆ ಬಿಟ್ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ. ಹಲಗೆಯ ಹೊರ ಅಂಚಿನಲ್ಲಿ ಟ್ರಿಮ್ಮರನ್ನು ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಒಯ್ಯಬೇಕು. ಆಗ ಮರ ಟ್ರಿಮ್ಮರನ್ನು ಹಿಂದಕ್ಕೆ ತಳ್ಳುತ್ತದೆ, ಹಿಡಿತ ನಮ್ಮ ಕೈಯಲ್ಲಿರುತ್ತದೆ. ತಪ್ಪು ದಿಕ್ಕಿನಲ್ಲಿ ಹೋದರೆ ಬಿಟ್ ಚಕ್ರದ ಹಾಗೆ ಮರದ ಮೇಲೆ ಓಡಿಬಿಡುತ್ತದೆ. ಹೀಗೆ ಸರಿ ದಿಕ್ಕಿನಲ್ಲಿ ಮೂಲೆ ಸುತ್ತುವಾಗ ಮೊದಲರ್ಧದಲ್ಲಿ ಅಲಗು ಪಟ್ಟಿಯ ನಾರಿನಿಂದ ಇಳಿಜಾರಿಗೆ ಇಳಿಯುತ್ತದೆ. ಮೈ ನುಣ್ಣಗೆ ಬರುತ್ತದೆ. ಮೈಟರ್ ಗೆರೆ ದಾಟಿದ ಕೂಡಲೇ ಎರಡನೇ ಪಟ್ಟಿ. ಅದರ ನಾರು ಅಲಗಿಗೆ ಎದುರಾಗುತ್ತದೆ, ಏರು ಹತ್ತಿದಂತೆ. ತೇಗ ಸೀಳುವುದು ಅಲ್ಲೇ. ಒಂದು ಸಿಬಿರು ಎದ್ದರೆ ಅದು ಗೆರೆಯ ಒಳಗಿನವರೆಗೂ ಹೋಗುತ್ತದೆ.

ಹಾಗಾಗಿ ಮೇಲಿನ ಬೇರಿಂಗನ್ನು ಅಚ್ಚಿನ ಮೇಲೆ ಓಡಿಸಿ ಮೈಟರ್ ಗೆರೆಯವರೆಗೆ ಮಾತ್ರ ಸವರಿದೆ. ಟ್ರಿಮ್ಮರ್ ನಿಲ್ಲಿಸಿ, ಹಲಗೆಯನ್ನು ಅಚ್ಚಿನ ಸಮೇತ ಮಗುಚಿದೆ. ಈಗ ಅಚ್ಚು ಕೆಳಗೆ ಬಂತು. ಬಿಟ್ಟಿನ ಆಳ ಬದಲಿಸಿ ತುದಿಯ ಬೇರಿಂಗನ್ನು ಅಚ್ಚಿಗೆ ಒರಗಿಸಿದೆ. ಹಲಗೆ ಮಗುಚಿದ್ದರಿಂದ ಮೊದಲು ಏರಾಗಿದ್ದ ಅರ್ಧ ಈಗ ಇಳಿಜಾರು. ಮತ್ತೆ ಅದೇ ಎದುರು ದಿಕ್ಕಿನಲ್ಲಿ, ಮತ್ತೆ ಮೈಟರ್ ಗೆರೆಯವರೆಗೆ. ಎರಡು ಕಡೆಯಿಂದ ಬಂದ ಕತ್ತರಿಕೆ ಗೆರೆಯ ಮೇಲೆ ಕೂಡಿಕೊಂಡಿತು. ಒಂದೇ ಬೇರಿಂಗ್ ಇರುವ ಬಿಟ್ ಆಗಿದ್ದರೆ ಅಚ್ಚನ್ನು ಕಿತ್ತು ಇನ್ನೊಂದು ಮುಖಕ್ಕೆ ಮತ್ತೆ ಕೂರಿಸಬೇಕಿತ್ತು. ಎರಡನೇ ಸಲ ಅದೇ ಜಾಗಕ್ಕೆ ಕೂರಿಸುವುದು ಕಷ್ಟ.

ಬಿಟ್ ಹಾಕುವಾಗ ಒಂದು ಮಾತು. ಕಡ್ಡಿಯನ್ನು ಕೊಲೆಟ್ ತಳಕ್ಕೆ ಮುಟ್ಟುವವರೆಗೆ ತೂರಿಸಿ, ಆಮೇಲೆ 2 ಮಿ.ಮೀ. ಹಿಂದಕ್ಕೆ ಎಳೆದು ಬಿಗಿಯಿರಿ. ತಳಕ್ಕೆ ಒತ್ತಿಕೊಂಡಿದ್ದರೆ ನಟ್ ಬಿಗಿದಾಗ ಕೊಲೆಟ್ ಸರಿಯಾಗಿ ಹಿಡಿಯುವುದಿಲ್ಲ.

ಮೈಕಾ ಅಂಟಿಸುವುದನ್ನು ಬೇಗ ಹೇಳಿ ಮುಗಿಸುತ್ತೇನೆ. ಎರಡೂ ಮುಖಕ್ಕೂ ಬೇಕು. ಮೇಲೆ 1 ಮಿ.ಮೀ., ಕೆಳಗೆ 0.8 ಸಾಕು. ಒಂದೇ ಕಡೆ ಅಂಟಿಸಿದರೆ ಕಾಲ ಕಳೆದಂತೆ ಹಲಗೆ ಬಾಗುತ್ತದೆ. ಸುತ್ತ 6 ಮಿ.ಮೀ. ಜಾಸ್ತಿ ಇಟ್ಟು ಮೈಕಾ ಕತ್ತರಿಸಿದೆ. ರಬ್ಬರ್ ಅಂಟನ್ನು ಎರಡು ಮೈಗೂ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಕೂರಿಸಬೇಕು. ಒಮ್ಮೆ ತಾಗಿದರೆ ಮತ್ತೆ ಸರಿಸಲು ಆಗುವುದಿಲ್ಲ. ಅದಕ್ಕೆ ನಡುವೆ ತೆಳು ಪಟ್ಟಿಗಳನ್ನಿಟ್ಟು ಒಂದೊಂದಾಗಿ ಎಳೆಯುತ್ತಾ ಒತ್ತಿದೆ. ಮೊದಲು ಕೆಳಮುಖ ಅಂಟಿಸಿ ಸವರಿ, ಆಮೇಲೆ ಮೇಲ್ಮುಖ.

ಈ ಮೈಕಾ ಸವರಲು ಗಿಡ್ಡ ಬಿಟ್ ಸಾಕು. ಕತ್ತರಿಸಬೇಕಿರುವುದು 1 ಮಿ.ಮೀ. ಅಷ್ಟೇ. ಉದ್ದ ಬಿಟ್ ಹಾಕಿದರೆ ಸುಮ್ನೆ ನಡುಕ ಜಾಸ್ತಿ. ಬೇರಿಂಗ್ ಓಡುವುದು ತೇಗದ ಪಟ್ಟಿಯ ಹೊರ ಮೈಮೇಲೆ, ಅದನ್ನು ಆಗಲೇ ನೇರ ಮಾಡಿಟ್ಟಿದ್ದೇನೆ. ಇಲ್ಲಿನ ಶತ್ರು ಅಂಟು. ಸಂದಿನಿಂದ ಒಸರಿದ ರಬ್ಬರ್ ಅಂಟು ಬೇರಿಂಗ್‌ಗೆ ಮೆತ್ತಿಕೊಂಡರೆ ಅದು ಬಿಡಿಯಾಗಿ ಉರುಳುವುದು ನಿಲ್ಲಿಸುತ್ತದೆ. ಹಾಗೆ ಸಿಕ್ಕಿಕೊಂಡ ಬೇರಿಂಗ್ ಅಲಗಿನ ಜೊತೆಗೇ 30,000 ಸುತ್ತಿನಲ್ಲಿ ತಿರುಗಿ ತೇಗವನ್ನು ಸುಟ್ಟು ಕಪ್ಪು ಗೆರೆ ಎಳೆಯುತ್ತದೆ. ಕೆಲವರು ಅಂಚಿಗೆ ವ್ಯಾಸಲೀನ್ ಸವರುತ್ತಾರೆ. ಪಕ್ಕದ ಅಂಚಿಗೂ ಮೈಕಾ ಇದ್ದರೆ ಅದು ಒಳ್ಳೆ ಉಪಾಯ. ಬರೀ ಮರ ಇದ್ದರೆ ಬೇಡ, ಎಣ್ಣೆ ಹೀರಿದ ಜಾಗದಲ್ಲಿ ಪಾಲಿಶ್ ಹಿಡಿಯುವುದಿಲ್ಲ. ನಾನು ತೇಗದ ಅಂಚಿಗೆ ಪೂರ್ತಿ ಮಾಸ್ಕಿಂಗ್ ಟೇಪ್ ಹಚ್ಚಿದೆ. ಅಂಟು ಟೇಪಿನ ಮೇಲೆ ನಿಲ್ಲುತ್ತದೆ, ಟ್ರಿಮ್ ಮಾಡುವ ಮೊದಲು ಹಳೇದನ್ನು ಕಿತ್ತು ಹೊಸ ಟೇಪ್ ಹಾಕಿದರೆ ಬೇರಿಂಗ್ ದಾರಿ ಸ್ವಚ್ಛ. ಟೇಪಿನ ದಪ್ಪದಷ್ಟು, ಅಂದರೆ ಕೂದಲೆಳೆಯಷ್ಟು, ಮೈಕಾ ಹೊರಗೆ ಉಳಿಯುತ್ತದೆ. ಅದು ಬೇಕಾದದ್ದೇ. ಹೇಗೂ ಮುಂದೆ ಚಾಂಫರ್ ಅದನ್ನು ತಿನ್ನುತ್ತದೆ.

ಕೈ ಒಂದೇ ಸಮ ಸಾಗಬೇಕು. ನಿಧಾನ ಮಾಡಿದರೆ ಸುಡುವ ವಾಸನೆ ಬರುತ್ತದೆ. ಅವಸರ ಮಾಡಿದರೆ ಮೋಟರ್ ಸದ್ದು ಇಳಿಯುತ್ತದೆ, ಮೈಕಾದ ಅಂಚು ಚೂರು ಚೂರಾಗಿ ಏಳುತ್ತದೆ. ಸದ್ದು ಕೇಳುತ್ತಾ ಹೋದರೆ ವೇಗ ತಾನಾಗಿ ಸರಿಹೋಗುತ್ತದೆ. ಕನ್ನಡಕ, ಮಾಸ್ಕ್, ಕಿವಿಗೆ ಮುಚ್ಚಳ ಮೂರೂ ಇರಲಿ. ಮೈಕಾ ಚೂರು ಕಣ್ಣಿಗೆ ಸಿಡಿಯುತ್ತದೆ. ಹೊಸದಾಗಿ ಸವರಿದ ಮೈಕಾದ ಅಂಚು ಬ್ಲೇಡಿನಷ್ಟೇ ಚೂಪು. ಅದರ ಮೇಲೆ ಕೈ ಎಳೆಯಬೇಡಿ.

ವೈರ್ ಇಳಿಸಲು ಹಿಂಬದಿಯಲ್ಲಿ 60 ಮಿ.ಮೀ. ತೂತು ಇದೆ. ಅದನ್ನು ಪ್ಲೈವುಡ್ಡಿನಲ್ಲಿ ಮೊದಲೇ ಹೋಲ್‌ಸಾದಲ್ಲಿ ಕೊರೆದಿದ್ದೆ. ಮೈಕಾ ಅಂಟಿಸಿದ ಮೇಲೆ ನಡುವೆ ಸಣ್ಣ ತೂತು ಮಾಡಿ, ಅದೇ ಗಿಡ್ಡ ಬಿಟ್ ಇಳಿಸಿ ಸುತ್ತ ಸವರಿದರಾಯಿತು. ಒಳಗಿನ ಅಂಚಿನಲ್ಲಿ ದಿಕ್ಕು ಉಲ್ಟಾ ಆಗುತ್ತದೆ, ಗಡಿಯಾರದ ಮುಳ್ಳಿನಂತೆಯೇ ಹೋಗಬೇಕು. ಹಲಗೆ ಮೇಲೆ ಚಾಕ್‌ನಲ್ಲಿ ಬಾಣ ಹಾಕಿಟ್ಟರೆ ಗೊಂದಲ ಇಲ್ಲ.

ಕೊನೆಯದು ಚಾಂಫರ್. ಮೈಕಾದ ಅಂಚಿನಲ್ಲಿ ಕಾಣುವ ಕಂದು ಗೆರೆ ಅದರ ಒಳಗಿನ ಕಾಗದದ ಪದರ. 45 ಡಿಗ್ರಿ ಕೊಟ್ಟಾಗ ಆ ಗೆರೆ ಸ್ವಲ್ಪ ಅಗಲವಾಗಿ, ಒಂದೇ ಸಮನಾಗಿ ಕಾಣುತ್ತದೆ, ಕೆಳಗೆ ತೇಗ ಶುರುವಾಗುತ್ತದೆ. ಗೆರೆ ಒಂದು ಕಡೆ ಅಗಲ, ಒಂದು ಕಡೆ ಸಪೂರ ಬಂದರೆ ಕಣ್ಣಿಗೆ ತಕ್ಷಣ ಹೊಡೆಯುತ್ತದೆ. ಅದಕ್ಕೇ ಟೇಪನ್ನು ಪೂರ್ತಿ ಕಿತ್ತು, ತೇಗದ ಮೈಯನ್ನು ಒರೆಸಿ, ಆಮೇಲೆ ಬೇರಿಂಗ್ ಓಡಿಸಬೇಕು. ಆಳವನ್ನು ಮೈಕಾ ದಾಟಿ ಮರದೊಳಗೆ ಒಂದೂವರೆ ಮಿ.ಮೀ. ಇಳಿಯುವಂತೆ ಇಟ್ಟೆ. ಮೊದಲ ಸಲ ಅರ್ಧ ಆಳ, ಎರಡನೇ ಸಲ ಪೂರ್ತಿ. ಅದೇ ಪ್ಲೈವುಡ್, ಪಟ್ಟಿ, ಮೈಕಾ ಅಂಟಿಸಿದ ಒಂದು ತುಂಡು ಪಕ್ಕಕ್ಕಿಟ್ಟುಕೊಂಡಿದ್ದೆ. ಪ್ರತಿ ಆಳವನ್ನೂ ಅದರ ಮೇಲೆ ನೋಡಿಯೇ ಹಲಗೆಗೆ ಬಂದೆ.

ಚಾಂಫರ್ ಬಿಟ್ ಕೊಳ್ಳುವಾಗ ವ್ಯಾಸ ನೋಡಿ. ಅರ್ಧ ಇಂಚಿನ ಬಿಟ್ 30,000 ಸುತ್ತಿನಲ್ಲಿ ತಿರುಗಿದರೆ ಅದರ ಹೊರ ಅಂಚಿನ ವೇಗ ಸೆಕೆಂಡಿಗೆ ಸುಮಾರು 20 ಮೀಟರ್. 32 ಮಿ.ಮೀ. ಬಿಟ್ ಆದರೆ ಅದೇ ಸುತ್ತಿಗೆ 50 ಮೀಟರ್. ವೇಗ ಇಳಿಸಲಾಗದ ಟ್ರಿಮ್ಮರ್‌ನಲ್ಲಿ ನಾನು 25 ಮಿ.ಮೀ.ಗಿಂತ ದೊಡ್ಡದನ್ನು ಹಾಕುವುದಿಲ್ಲ. ದೊಡ್ಡ ಬಿಟ್‌ಗಳ ಮೇಲೆ ಗರಿಷ್ಠ ಸುತ್ತು ಎಷ್ಟು ಅಂತ ಬರೆದಿರುತ್ತದೆ, ಓದಿಕೊಳ್ಳಿ.

ಚಾಂಫರ್ ಆದ ಮೇಲೆ ಸಣ್ಣ ಹಲ್ಲಿನ ಅರದಿಂದ ಮೈಕಾದ ಚೂಪನ್ನು ಮುರಿದೆ. ಅರವನ್ನು ಯಾವಾಗಲೂ ಮೈಕಾ ಕಡೆಯಿಂದ ಮರದ ಕಡೆಗೆ ಒತ್ತಬೇಕು. ಹಿಂದಕ್ಕೆ ಎಳೆದರೆ ಅಂಚು ಎದ್ದುಬರುತ್ತದೆ. ತೇಗಕ್ಕೆ 180, ಆಮೇಲೆ 220 ಸ್ಯಾಂಡ್ ಪೇಪರ್. ಮೈಕಾಗೆ ಟೇಪ್ ಹಚ್ಚಿ ಪಟ್ಟಿಗೆ ಮಾತ್ರ ಪಿ.ಯು. (ಪಾಲಿಯುರೆಥೇನ್) ಪಾಲಿಶ್ ಕೊಟ್ಟೆ. ಹಲಗೆಯನ್ನು ಕಾಲಿನ ಮೇಲೆ ಕೂರಿಸಿ ಕೆಳಗಿನಿಂದ ಸ್ಕ್ರೂ ಹಾಕಿದ್ದಾಯಿತು.

ಬಿಟ್‌ಗಳ ಮೇಲೆ ಅಂಟು, ರಾಳ ಕೂತಿತ್ತು. ರಾಳ ಮೆತ್ತಿದ ಅಲಗು ಮೊಂಡಾದ ಹಾಗೆಯೇ ಕೆಲಸ ಮಾಡುತ್ತದೆ, ಮರ ಸುಡುತ್ತದೆ. ಬೇರಿಂಗ್ ಬಿಚ್ಚಿಟ್ಟು, ಬಿಟ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಹಳೇ ಹಲ್ಲುಜ್ಜುವ ಬ್ರಶ್‌ನಿಂದ ತಿಕ್ಕಿದೆ. ಬೇರಿಂಗನ್ನು ಮಾತ್ರ ನೆನೆಸಬೇಡಿ, ಒಳಗಿನ ಗ್ರೀಸ್ ತೊಳೆದು ಹೋಗುತ್ತದೆ. ಬೇರಿಂಗ್ ಗರಗರ ಅನ್ನತೊಡಗಿದರೆ ಬದಲಿಸಿ. ಬಿಟ್ ಬಿಸಾಡುವ ಅಗತ್ಯ ಇಲ್ಲ, ಒಳ ಹೊರ ವ್ಯಾಸ ಅಳೆದು ಹೇಳಿದರೆ ಬೇರಿಂಗ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಅಲಗಿನ ಚಪ್ಪಟೆ ಮುಖವನ್ನು ಡೈಮಂಡ್ ಕಲ್ಲಿನ ಮೇಲೆ ನಾಲ್ಕೈದು ಸಲ ಉಜ್ಜಿದರೆ ಚೂಪು ಸ್ವಲ್ಪ ಮರಳುತ್ತದೆ. ಹೊರಗಿನ ಇಳಿಜಾರು ಮುಖ ಮುಟ್ಟಬಾರದು, ವ್ಯಾಸ ಬೇಗ ಇಳಿಯುತ್ತದೆ. ಉಜ್ಜುವಾಗ ಎರಡೂ ಅಲಗಿಗೆ ಒಂದೇ ಲೆಕ್ಕ. ಆಮೇಲೆ ಮರದ ತುಂಡಿಗೆ ತೂತು ಕೊರೆದು ಒಂದೊಂದನ್ನೂ ಬೇರೆ ಬೇರೆ ನಿಲ್ಲಿಸಿ ಇಡುತ್ತೇನೆ. ಡಬ್ಬಿಯಲ್ಲಿ ಒಟ್ಟಿಗೆ ಹಾಕಿದರೆ ಅಲಗಿಗೆ ಅಲಗು ತಾಗಿ ಕಾರ್ಬೈಡ್ ಮುಕ್ಕಾಗುತ್ತದೆ.